ಆಂಜೈನಾ

ಆಂಜೈನಾ ಎಂಬ ಪದದಲ್ಲಿ ಹೃದಯವೂ ಇಲ್ಲ, ನೋವೂ ಇಲ್ಲ. ಲ್ಯಾಟಿನ್‌ನ ‘ಅಂಗೆರೆ’ ಎಂದರೆ ಹಿಸುಕು, ಬಿಗಿ. ಅದರಿಂದ ಹುಟ್ಟಿದ ಈ ಪದ ಮೊದಲು ಉಸಿರುಗಟ್ಟಿಸುವ ಗಂಟಲುಬೇನೆಯ ಹೆಸರಾಗಿತ್ತು. ಇಂಗ್ಲಿಷಿನ ‘ಆಂಗ್ಸೈಟಿ’ಯೂ ಇದೇ ಬೇರಿನದು. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಇದನ್ನು ಎದೆಗೆ ಇಳಿಸಿ ‘ಆಂಜೈನಾ ಪೆಕ್ಟೊರಿಸ್’ ಎಂದರು: ನಡೆಯುವಾಗ, ಅದರಲ್ಲೂ ಉಂಡ ಮೇಲೆ ಏರು ಹತ್ತುವಾಗ ಬಂದು, ನಿಂತರೆ ಹೋಗುವ ಬಿಗಿತ.

ನಾವು ಇದನ್ನು ‘ಎದೆನೋವು’ ಎಂದು ಬರೆಯುತ್ತೇವೆ. ನನಗೆ ಅದು ಸಾಲದು. ಎಷ್ಟೋ ಜನ ನೋವು ಎನ್ನುವುದೇ ಇಲ್ಲ. ‘ಎದೆ ಹಿಡ್ಕೊಂಡಂಗಾಗುತ್ತೆ’, ‘ಕಲ್ಲು ಹೇರಿದಂಗಿದೆ’ ಎನ್ನುತ್ತಾರೆ. ‘ಎದೆಹಿಡಿತ’ ಎಂದರೆ ಲ್ಯಾಟಿನ್ ಮೂಲಕ್ಕೂ ನಮ್ಮ ಬಾಯಿಮಾತಿಗೂ ಹತ್ತಿರವಾಗುತ್ತದೆ. ನನಗೆ ಭಯವಿರುವುದು ‘ಗ್ಯಾಸ್’ ಎಂಬ ಇನ್ನೊಂದು ಹೆಸರಿನ ಬಗ್ಗೆ. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಕಾಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹಿಡಿದದ್ದು ಸಡಿಲವೂ ಆಗುತ್ತದೆ. ಆಂಜೈನಾ ಇರುವವರು ಕೆಲಸ ಬಿಟ್ಟು ಕೂತು, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಆ ಮಾತ್ರೆ ಬೀರುವಿನಲ್ಲಲ್ಲ, ಜೇಬಿನಲ್ಲಿರಬೇಕು. ಬಿಡದಿದ್ದರೆ, ಅಥವಾ ಸುಮ್ಮನೆ ಕೂತಾಗಲೇ ಹಿಡಿದರೆ, ತಡಮಾಡದೆ 108ಕ್ಕೆ ಕರೆ ಮಾಡಿ.