ಚರಮಗೀತೆ

ಸಂಸ್ಕೃತದ ‘ಚರಮ’ ಎಂದರೆ ಕೊನೆಯದು. ಪಶ್ಚಿಮ ಎಂಬ ಅರ್ಥವೂ ಅದಕ್ಕಿದೆ. ಸೂರ್ಯ ಮುಳುಗುವ ಬೆಟ್ಟ ಚರಮಾದ್ರಿ. ಹಾಗಾಗಿ ಚರಮಗೀತೆ ಎಂದಾಗ ನನ್ನ ಕಣ್ಣಿಗೆ ಕಟ್ಟುವುದು ಇಳಿಬಿಸಿಲು. ಪತ್ರಿಕೆಗಳಲ್ಲಿ ನಿಂತುಹೋದ ಯೋಜನೆಗಳಿಗೂ ‘ಚರಮಗೀತೆ ಹಾಡು’ವುದನ್ನು ಓದಿದಾಗ ಪದಕ್ಕಾಗಿ ಮರುಗುತ್ತೇನೆ.

ಇಂಗ್ಲಿಷಿನ ‘ಎಲಿಜಿ’ಗೆ ಸಾಟಿಯಾಗಿ ನಾವು ಬಳಸುವ ಈ ಪದ ಪುಸ್ತಕದ್ದು, ಪದ್ಧತಿ ಮಾತ್ರ ನಮ್ಮ ಮನೆಯಂಗಳದ್ದೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಹೆಣದ ಸುತ್ತ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಸತ್ತವರ ಒಂದೊಂದೇ ಗುಣ ಎತ್ತಿ ‘ಹಾಡ್ಯಾಡಿ ಅಳು’ತ್ತಾರೆ. ಉಸಿರು ಕಟ್ಟಿದಲ್ಲಿ ಸಾಲು ಮುಗಿಯುತ್ತದೆ.

ಮಗುವನ್ನು ಕಳೆದುಕೊಂಡ ಹೆಂಡತಿಯ ನೋಟ ತಾಳಲಾರದ ಗಂಡನ ಮಾತನ್ನು ಬೇಂದ್ರೆ ಕವಿತೆಯಾಗಿಸಿದ್ದು ಆ ಸೀಮೆಯ ಆಡುನುಡಿಯಲ್ಲೇ. ಸಂತೈಸುವ ಶಕ್ತಿ ಅವನಲ್ಲೂ ಉಳಿದಿಲ್ಲ.