ಹತ್ತು ಲಕ್ಷಕ್ಕೆ ಒಂದಾ, ನಾಲ್ಕಕ್ಕೆ ಒಂದಾ? ಮೆಲನೋಮಾದ ‘ಬೇರು’ ಹುಡುಕಿದ ಕಥೆ

(1/4)
ಈ ಸಲ ಕ್ಯಾಪ್ಷನ್ ಉದ್ದ ಇದೆ, ಸೇವ್ ಮಾಡ್ಕೊಂಡು ಆರಾಮಾಗಿ ಓದಿ.

ಗರಿಕೆ ಕಿತ್ತು ನೋಡಿದ್ದೀರಾ? ಮೇಲಿನ ಹುಲ್ಲನ್ನ ಎಷ್ಟು ಸವರಿದರೂ ಬೇರು ಉಳಿದಿದ್ರೆ ಒಂದು ಮಳೆಗೆ ಮತ್ತೆ ಚಿಗುರುತ್ತೆ. ಕ್ಯಾನ್ಸರ್ ಬಗ್ಗೆಯೂ ಕೆಲವು ವಿಜ್ಞಾನಿಗಳು ಹೀಗೇ ಯೋಚಿಸಿದರು. ಗಡ್ಡೆಯಲ್ಲಿ ಕೋಟಿಗಟ್ಟಲೆ ಕೋಶಗಳಿದ್ದರೂ ಅದನ್ನ ಮತ್ತೆ ಮತ್ತೆ ಬೆಳೆಸೋದು ಕೆಲವೇ ಕೋಶಗಳು, ಅವು ಸ್ಟೆಮ್ ಸೆಲ್ ಥರ ವರ್ತಿಸುತ್ತವೆ ಅನ್ನೋದು ಅವರ ವಾದ. 1994ರಲ್ಲಿ ಟೊರೊಂಟೊದ ಜಾನ್ ಡಿಕ್ ತಂಡ ರಕ್ತದ ಕ್ಯಾನ್ಸರ್‌ನಲ್ಲಿ ಇಂಥ ಕೋಶಗಳನ್ನ ತೋರಿಸಿತು. 2003ರಲ್ಲಿ ಮಿಷಿಗನ್‌ನ ಮೈಕಲ್ ಕ್ಲಾರ್ಕ್ ತಂಡ ಸ್ತನ ಕ್ಯಾನ್ಸರ್‌ನಲ್ಲೂ ತೋರಿಸಿತು. ಇದು ನಿಜ ಆದ್ರೆ ಚಿಕಿತ್ಸೆ ಸುಲಭ: ಬೇರು ಹುಡುಕು, ಬೇರನ್ನೇ ಕೊಲ್ಲು.

(2/4)
ಮುಂದಿನ ಸರದಿ ಚರ್ಮದ್ದು. ಮೆಲನೋಮಾ ಅಂದ್ರೆ ಚರ್ಮಕ್ಕೆ ಬಣ್ಣ ಕೊಡೋ ಕೋಶಗಳಲ್ಲಿ ಹುಟ್ಟೋ ಕ್ಯಾನ್ಸರ್. ಬೇಗ ಬೇರೆ ಅಂಗಗಳಿಗೆ ಹರಡುತ್ತೆ, ಅದಕ್ಕೇ ಇದರ ಭಯ ಜಾಸ್ತಿ.

2005ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಇನ್‌ಸ್ಟಿಟ್ಯೂಟ್‌ನ ಮೀನ್‌ಹಾರ್ಡ್ ಹರ್ಲಿನ್ ತಂಡಕ್ಕೆ ಮೆಲನೋಮಾದಲ್ಲಿ ವಿಚಿತ್ರ ಕೋಶಗಳು ಸಿಕ್ಕವು. ಉಂಡೆ ಉಂಡೆಯಾಗಿ ಬೆಳೀತಿದ್ದವು. ತಕ್ಕ ವಾತಾವರಣ ಕೊಟ್ರೆ ಕೊಬ್ಬಿನ, ಮೂಳೆಯ ಕೋಶಗಳ ಗುಣವನ್ನೂ ತೋರಿಸ್ತಿದ್ದವು. 2008ರ ಜನವರಿಯಲ್ಲಿ ಬಾಸ್ಟನ್‌ನ ಮಾರ್ಕಸ್ ಫ್ರಾಂಕ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ರೋಗಿಗಳ ಗಡ್ಡೆಯ ಕೋಶಗಳನ್ನ ಇಲಿಗೆ ಚುಚ್ಚಿದಾಗ ಸುಮಾರು 10 ಲಕ್ಷಕ್ಕೆ ಒಂದು ಕೋಶ ಮಾತ್ರ ಹೊಸ ಗಡ್ಡೆ ಕಟ್ಟಿತು. ಎಬಿಸಿಬಿ5 ಅನ್ನೋ ಪ್ರೋಟೀನ್ ಹೊತ್ತ ಕೋಶಗಳಲ್ಲಿ ಈ ಶಕ್ತಿ ಹೆಚ್ಚಿತ್ತು. ಬೇರು ಸಿಕ್ತು ಅಂತ ಅನ್ನಿಸಿತು ಅಲ್ವಾ?

(3/4)
ಅದೇ ವರ್ಷ ಡಿಸೆಂಬರ್. ಅದೇ ‘ನೇಚರ್’. ಮಿಷಿಗನ್‌ನ ಶಾನ್ ಮಾರಿಸನ್ ತಂಡ ಒಂದು ಸರಳ ಪ್ರಶ್ನೆ ಕೇಳಿತು: ಕೋಶಗಳಿಗೆ ನಿಜವಾಗ್ಲೂ ಶಕ್ತಿ ಇಲ್ವಾ, ಇಲಿಯೇ ಅವನ್ನ ಕೊಲ್ತಾ ಇದ್ಯಾ?

ಹಳೇ ಪ್ರಯೋಗದ ಇಲಿಗಳಲ್ಲಿ ರೋಗನಿರೋಧಕ ಶಕ್ತಿ ಕಮ್ಮಿ ಇತ್ತು, ಪೂರ್ತಿ ಹೋಗಿರಲಿಲ್ಲ. ಇವರು ಇನ್ನೂ ದುರ್ಬಲವಾದ ತಳಿಯ ಇಲಿ ತಗೊಂಡರು, ಕೋಶಗಳನ್ನ ಆಸರೆ ಕೊಡೋ ಜೆಲ್ ಜೊತೆ ಬೆರೆಸಿದರು, ತಿಂಗಳುಗಟ್ಟಲೆ ಜಾಸ್ತಿ ಕಾದರು. ಒಂದೊಂದೇ ಕೋಶ ಚುಚ್ಚಿ ನೋಡಿದಾಗ ಸುಮಾರು 4ಕ್ಕೆ ಒಂದು ಗಡ್ಡೆ ಕಟ್ಟಿತು!

ನಾವು ಕಾಮರ್ಸ್‌ನವರು ಲೆಕ್ಕದಲ್ಲಿ ಹೀಗೆ ಯೋಚನೆ ಮಾಡಬಹುದು: ತಕ್ಕಡಿ ಬದಲಾಯಿಸಿದ್ದಕ್ಕೆ ತೂಕ ಎರಡೂವರೆ ಲಕ್ಷ ಪಟ್ಟು ಬದಲಾದ್ರೆ, ಮೊದಲು ತಕ್ಕಡಿಯನ್ನೇ ಆಡಿಟ್ ಮಾಡಬೇಕು. ಕಾಲು ಭಾಗ ಕೋಶಗಳೂ ಗಡ್ಡೆ ಕಟ್ಟಬಲ್ಲವು ಅಂದ್ಮೇಲೆ ‘ಅಪರೂಪದ ಬೇರು’ ಅನ್ನೋ ಮಾತು ನಿಲ್ಲೋದು ಕಷ್ಟ.

ಜಗಳ ಅಲ್ಲಿಗೇ ಮುಗೀಲಿಲ್ಲ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ತಂಡ, ಸಿಡಿ271 ಗುರುತು ಇರೋ ಕೋಶಗಳೇ ಮುಖ್ಯ ಅಂತು. ಅದೇ ವರ್ಷ ಮಾರಿಸನ್ ತಂಡ ಹತ್ತಾರು ಗುರುತು ಪರೀಕ್ಷಿಸಿ, ಗುರುತು ಇದ್ದವೂ ಇಲ್ಲದವೂ ಎರಡೂ ಗಡ್ಡೆ ಕಟ್ಟುತ್ತವೆ ಅಂತು.

(4/4)
ದಾರಿ ಸ್ವಲ್ಪ ತೆರೆದದ್ದು ಹರ್ಲಿನ್ ತಂಡದ ಇನ್ನೊಂದು ಕೆಲಸದಿಂದ, ಅದೂ 2010ರಲ್ಲೇ. ಮೆಲನೋಮಾದಲ್ಲಿ ತುಂಬಾ ನಿಧಾನಕ್ಕೆ ವಿಭಜನೆಯಾಗೋ ಒಂದು ಸಣ್ಣ ಗುಂಪು ಸಿಕ್ತು. ಕೀಮೋದಂಥ ಚಿಕಿತ್ಸೆ ಹೆಚ್ಚಾಗಿ ಬೀಳೋದು ವೇಗವಾಗಿ ವಿಭಜನೆಯಾಗೋ ಕೋಶಗಳ ಮೇಲೆ. ಹಾಗಾಗಿ ನಿಧಾನಿಗಳು ತಪ್ಪಿಸ್ಕೊಳ್ಳೋ ಸಾಧ್ಯತೆ ಹೆಚ್ಚು. ಆದ್ರೆ ಈ ಗುಂಪು ಖಾಯಂ ಅಲ್ಲ! ಇವತ್ತಿನ ವೇಗದ ಕೋಶ ನಾಳೆ ನಿಧಾನಿ ಆಗಬಹುದು, ಮತ್ತೆ ವಾಪಸ್ಸೂ ಬರಬಹುದು.

ಇಲ್ಲಿ ನಮ್ಮ ಗರಿಕೆ ಹೋಲಿಕೆ ಕೈ ಕೊಡುತ್ತೆ. ಮೆಲನೋಮಾದಲ್ಲಿ ಎಲೆಯೇ ಬೇರಾಗಬಲ್ಲದು. ಒಂದೇ ಗುಂಪನ್ನ ಕೊಂದರೆ ಉಳಿದವು ಅದರ ಜಾಗ ತುಂಬ್ತವೆ. ಅದಕ್ಕೇ ನಿಧಾನಿ ಮತ್ತು ವೇಗಿ ಎರಡನ್ನೂ ಒಟ್ಟಿಗೆ ಹಿಡಿಯೋ ಚಿಕಿತ್ಸೆಯ ಯೋಚನೆ ಬಂತು. ಹಾಗಂತ ಹಳೇ ವಾದ ಪೂರ್ತಿ ಸುಳ್ಳಲ್ಲ. 2012ರಲ್ಲಿ ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾನ್ಪೇನ್ ತಂಡ ಇಲಿಯ ಚರ್ಮದಲ್ಲೇ ಬೆಳೆದ ಬೇರೆ ಬಗೆಯ ಗಡ್ಡೆಗಳಲ್ಲಿ, ಕೋಶಗಳನ್ನ ಕಿತ್ತು ಬೇರೆಡೆ ಚುಚ್ಚದೆ, ಸ್ಟೆಮ್ ಸೆಲ್ ಥರದ ಕೋಶಗಳನ್ನ ಗುರುತಿಸಿತು.

ಕೊನೇದಾಗಿ ಒಂದು ಕೆಲಸದ ಮಾತು. ನಮ್ಮಂಥ ಕಪ್ಪು-ಕಂದು ಚರ್ಮದವರಲ್ಲಿ ಮೆಲನೋಮಾ ಅಪರೂಪ, ಆದ್ರೆ ಬಂದಾಗ ಎಷ್ಟೋ ಸಲ ಅಂಗಾಲು, ಅಂಗೈ, ಉಗುರಿನ ಅಡಿ ಬರುತ್ತೆ. ಯಾರೂ ನೋಡದ ಜಾಗ. ಮಚ್ಚೆ ದೊಡ್ಡದಾಗ್ತಿದ್ರೆ, ಬಣ್ಣ ಬದಲಾಗ್ತಿದ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಜ್ಜಿ-ತಾತನ ಅಂಗಾಲನ್ನೂ ಒಂದ್ಸಲ ನೋಡಿ.

ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ 👇
#ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ