ಡೇಟಾ ರೆಪ್ಲಿಕೇಶನ್ ಎಂದರೇನು? 43 ಸೆಕೆಂಡ್ ಸಂಪರ್ಕ ಕಡಿತ ಗಿಟ್‌ಹಬ್ ಅನ್ನು ಇಡೀ ದಿನ ಕಾಡಿದ್ದೇಕೆ?

ಲಕ್ಷಾಂತರ ಜನ ಏಕಕಾಲಕ್ಕೆ ಬಳಸುವ ವೆಬ್‌ಸೈಟ್ ಒಂದೇ ಡೇಟಾಬೇಸ್ ಸರ್ವರ್ ನೆಚ್ಚಿಕೊಂಡರೆ ಅಪಾಯ ತಪ್ಪಿದ್ದಲ್ಲ. ಬಳಕೆದಾರರು ಹೆಚ್ಚಿದಂತೆ ಅದು ನಿಧಾನವಾಗುತ್ತದೆ, ಕೆಟ್ಟರೆ ಸೇವೆಯೇ ನಿಲ್ಲುತ್ತದೆ. ಹೀಗಾಗಿ ಅದೇ ಮಾಹಿತಿಯ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಸದಾ ಸಿದ್ಧವಾಗಿಡಲಾಗುತ್ತದೆ. ಇದೇ ಡೇಟಾ ರೆಪ್ಲಿಕೇಶನ್.

ಕೆಲಸ ಮಾಡುವುದು ಹೇಗೆ?

ಸಾಮಾನ್ಯ ವಿಧಾನದಲ್ಲಿ ಒಂದು ಸರ್ವರ್ ಪ್ರೈಮರಿ, ಉಳಿದವು ರೆಪ್ಲಿಕಾ. ಹೊಸ ಮಾಹಿತಿ ದಾಖಲಾಗುವುದು ಪ್ರೈಮರಿಯಲ್ಲಿ ಮಾತ್ರ. ಓದುವ ಹೊರೆಯನ್ನು ರೆಪ್ಲಿಕಾಗಳು ಹಂಚಿಕೊಳ್ಳುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಬದಲಾವಣೆಯೂ ಬೈನರಿ ಲಾಗ್‌ಗೆ ಸೇರುತ್ತದೆ. ರೆಪ್ಲಿಕಾಗಳು ಅದನ್ನು ಪಡೆದು ತಮ್ಮಲ್ಲೂ ಅದೇ ಬದಲಾವಣೆ ಮಾಡಿಕೊಳ್ಳುತ್ತವೆ.

ಇಲ್ಲಿ ಎರಡು ದಾರಿಗಳಿವೆ. ಸಿಂಕ್ರೊನಸ್ ವಿಧಾನದಲ್ಲಿ ರೆಪ್ಲಿಕಾಗೂ ಮಾಹಿತಿ ತಲುಪಿದ ಮೇಲಷ್ಟೇ ಬಳಕೆದಾರರಿಗೆ 'ಆಯಿತು' ಎಂಬ ಉತ್ತರ ಹೋಗುತ್ತದೆ. ಇದು ಸುರಕ್ಷಿತ, ಆದರೆ ನಿಧಾನ. ಅಸಿಂಕ್ರೊನಸ್ ವಿಧಾನ ವೇಗದ್ದು. ಆದರೆ ರೆಪ್ಲಿಕಾ ಸ್ವಲ್ಪ ಹಿಂದೆ ಬೀಳಬಹುದು; ನೀವು ಈಗಷ್ಟೇ ಬದಲಿಸಿದ ವಿಳಾಸ ಪುಟ ತೆರೆದಾಗ ಹಳೆಯದೇ ಕಾಣಬಹುದು.

ಗಿಟ್‌ಹಬ್‌ನಲ್ಲಿ ಆಗಿದ್ದೇನು?

ಭಾರತೀಯ ಕಾಲಮಾನ 2018ರ ಅಕ್ಟೋಬರ್ 22ರ ನಸುಕಿನ 4.22. ಕೆಟ್ಟಿದ್ದ ಆಪ್ಟಿಕಲ್ ಉಪಕರಣ ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಗಿಟ್‌ಹಬ್‌ನ ಮುಖ್ಯ ಡೇಟಾ ಸೆಂಟರ್ 43 ಸೆಕೆಂಡ್ ಸಂಪರ್ಕ ಕಳೆದುಕೊಂಡಿತು. ಅಷ್ಟಕ್ಕೇ ಸ್ವಯಂಚಾಲಿತ ತಂತ್ರಾಂಶವು ಪಶ್ಚಿಮ ಕರಾವಳಿಯ ರೆಪ್ಲಿಕಾಗಳನ್ನು ಪ್ರೈಮರಿ ಮಾಡಿಬಿಟ್ಟಿತು.

ಪೂರ್ವದಲ್ಲಿ ಆಗಲೇ ದಾಖಲಾಗಿದ್ದ ಕೆಲ ಸೆಕೆಂಡ್‌ಗಳ ಮಾಹಿತಿ ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲೋ ಸುಮಾರು 40 ನಿಮಿಷಗಳ ಹೊಸ ಮಾಹಿತಿ ಸೇರಿಕೊಂಡಿತು. ಎರಡೂ ಕಡೆ ಅಸಲಿ ದಾಖಲೆಗಳೇ, ಯಾವುದನ್ನೂ ಅಳಿಸುವಂತಿರಲಿಲ್ಲ. ವೇಗಕ್ಕಿಂತ ಮಾಹಿತಿಯ ಸುರಕ್ಷತೆಯೇ ಮುಖ್ಯವೆಂದು ಗಿಟ್‌ಹಬ್ ತೀರ್ಮಾನಿಸಿತು. ಬ್ಯಾಕಪ್‌ಗಳಿಂದ ಡೇಟಾಬೇಸ್ ಮರಳಿ ಕಟ್ಟಿ ಎಲ್ಲವನ್ನೂ ಸರಿಹೊಂದಿಸುವ ಹೊತ್ತಿಗೆ 24 ಗಂಟೆ 11 ನಿಮಿಷ ಸೇವೆ ಏರುಪೇರಾಗಿತ್ತು. ಬಳಕೆದಾರರ ಗಿಟ್ ರೆಪಾಸಿಟರಿಗಳಿಗೆ ಮಾತ್ರ ಧಕ್ಕೆಯಾಗಲಿಲ್ಲ.

ರೆಪ್ಲಿಕೇಶನ್ ಇದ್ದರೆ ಬ್ಯಾಕಪ್ ಬೇಡವೇ?

ಖಂಡಿತ ಬೇಕು. ಪ್ರೈಮರಿಯಲ್ಲಿ ಕಣ್ತಪ್ಪಿನಿಂದ ಒಂದು ಟೇಬಲ್ ಅಳಿಸಿದರೆ ರೆಪ್ಲಿಕಾಗಳೂ ಅದನ್ನು ಚಾಚೂತಪ್ಪದೆ ಅಳಿಸುತ್ತವೆ. ನಿನ್ನೆಯ ಸ್ಥಿತಿಗೆ ಮರಳಲು ಬ್ಯಾಕಪ್ಪೇ ಗತಿ.

ಗಮನಿಸಬೇಕಾದ ಅಂಶಗಳು

* ರೆಪ್ಲಿಕಾ ಎಷ್ಟು ಸೆಕೆಂಡ್ ಹಿಂದಿದೆ ಎಂಬುದರ ಮೇಲೆ ಸದಾ ಕಣ್ಣಿಡಿ.
* ಹಣ ಪಾವತಿಯಂಥ ವಿವರಗಳನ್ನು ಪ್ರೈಮರಿಯಿಂದಲೇ ಓದಿಸಿ.
* ಪ್ರೈಮರಿ ಕೈಕೊಟ್ಟರೆ ಯಾವ ರೆಪ್ಲಿಕಾಗೆ ಪಟ್ಟ ಎಂಬುದನ್ನು ಮೊದಲೇ ನಿರ್ಧರಿಸಿ. ಘಟನೆಯ ಬಳಿಕ, ಒಂದು ಪ್ರದೇಶದ ಪ್ರೈಮರಿ ಪಟ್ಟ ಇನ್ನೊಂದು ಪ್ರದೇಶಕ್ಕೆ ತಾನಾಗಿಯೇ ಹೋಗದಂತೆ ತಡೆಯುವುದಾಗಿ ಗಿಟ್‌ಹಬ್ ಹೇಳಿತ್ತು.
* ಬ್ಯಾಕಪ್ ಇದ್ದರಷ್ಟೇ ಸಾಲದು. ಅದರಿಂದ ಮಾಹಿತಿ ಮರಳಿ ಬರುತ್ತದೆಯೇ, ಎಷ್ಟು ಹೊತ್ತು ಬೇಕು ಎಂದು ಆಗಾಗ ಪರೀಕ್ಷಿಸಿ.